‘ಹೋಲ್ಡಾನ್’ ಬಿಡುಗಡೆಯಾದ ಬೆಳಿಗ್ಗೆ

“ಅಪ್‌ಲೋಡ್ ಮಾಡಿದ್ರೆ ಆಯ್ತಲ್ಲ ಮೇಡಂ, ಅದರಲ್ಲಿ ಕೆಲಸ ಅಂತ ಎಂತ ಉಂಟು?”

ಮೊನ್ನೆ ಮಣಿಪಾಲದಲ್ಲಿ, ಕಂಪ್ಯೂಟರ್ ಗೇಮ್ ಮಾಡಲು ಕಲಿಯುತ್ತಿರುವವರ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ಇಪ್ಪತ್ತೊಂದು ವರ್ಷ ನಾನು ಏನು ಮಾಡಿದೆ ಎಂದು ಹೇಳಿ ಮುಗಿಸುವ ಮೊದಲೇ ಮುಂದಿನ ಸಾಲಿನ ಒಬ್ಬ ಕೇಳಿದ ಪ್ರಶ್ನೆ ಇದು. ಉಳಿದವರು ನಕ್ಕರು. ನನ್ನನ್ನು ಕರೆಸಿದ ಮೇಷ್ಟ್ರೂ ನಕ್ಕರು. ನಾನು ನಗಲಿಲ್ಲ. ಆ ಮಾತು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅಲ್ಲಿ ಸಿಟ್ಟು ನುಂಗಿಕೊಂಡು ಏನೋ ಒಂದು ಹೇಳಿ ಬಂದೆ. ಹೇಳಬೇಕಾದದ್ದನ್ನು ಈಗ ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಓದಿ ನಿಮಗೆ ಬೇಸರವಾದರೆ ಆಗಲಿ.

ನನ್ನ ಹೆಸರು ಝುಬೈದಾ. ಆಫೀಸಿನಲ್ಲಿ ಎಲ್ಲರಿಗೂ ಝುಬೈದಾಕ್ಕ. ನಿವೃತ್ತಿಯಾಗುವವರೆಗೂ ಮಣಿಪಾಲದ ಒಂದು ಸಣ್ಣ ಗೇಮ್ ಕಂಪೆನಿಯಲ್ಲಿ ‘ಬಿಡುಗಡೆ’ಯ ಕೆಲಸ ನನ್ನದಾಗಿತ್ತು. ಆಟವನ್ನು ಮಾಡುವವರು ಬೇರೆ. ಮಾಡಿದ ಆಟವನ್ನು ಇಂಟರ್ನೆಟ್ಟಿನ ದೊಡ್ಡ ಅಂಗಡಿಗಳಲ್ಲಿ ಇಟ್ಟು, ಜನ ಕೊಂಡು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಆಡುವಂತೆ ಮಾಡುತ್ತಿದ್ದವಳು ನಾನು. ಗೇಮ್ ಚೆನ್ನಾಗಿ ಹೋದರೆ ನನ್ನ ನೆನಪು ಯಾರಿಗೂ ಆಗುತ್ತಿರಲಿಲ್ಲ. ನೆಲ ಕಚ್ಚಿದರೆ ಮೊದಲು ನನ್ನ ಮೇಜಿನ ಹತ್ತಿರ ಬರುತ್ತಿದ್ದರು.

ನಾನು ಸೇರಿದಾಗ ಅಂಗಡಿ ಎಂದರೆ ನಿಜವಾದ ಅಂಗಡಿಯೇ. ಉಡುಪಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದವಳನ್ನು ನಮ್ಮ ಧನಿ ಸುಧಾಕರಣ್ಣ ಕೆಲಸಕ್ಕೆ ತೆಗೆದುಕೊಂಡದ್ದು ಸಿ.ಡಿ.ಗಳನ್ನು ಡಬ್ಬಿಗೆ ತುಂಬಿಸಲಿಕ್ಕೆ. ಮಕ್ಕಳ ಲೆಕ್ಕದ ಆಟ, ಚೌಕಾಬಾರ, ಒಂದು ಕಾರ್ ರೇಸು. ಸಿ.ಡಿ. ಗೀರಿದ್ದರೆ ಕಟಪಾಡಿಯ ಅಂಗಡಿಯವರು ಫೋನ್ ಮಾಡುತ್ತಿರಲಿಲ್ಲ, ನಾನು ಬಸ್ಸಿಳಿಯುವುದನ್ನೇ ಕಾದು ರಸ್ತೆಯಲ್ಲೇ ನಿಲ್ಲಿಸಿ ಬೈಯುತ್ತಿದ್ದರು. “ಎಂತ ಮಾರಾಯ್ತಿ, ನಿಮ್ಮ ಕಾರು ಸ್ಟಾರ್ಟೇ ಆಗುದಿಲ್ಲ!” ನಾನು ಬೇರೆ ಸಿ.ಡಿ. ಕೊಡುತ್ತಿದ್ದೆ. ಬೈಗುಳವೂ ಎದುರಿನಲ್ಲೇ, ಪರಿಹಾರವೂ ಎದುರಿನಲ್ಲೇ. ಅದರ ಬೆಲೆ ನನಗೆ ಗೊತ್ತಾದದ್ದು ಸಿ.ಡಿ. ಹೋಗಿ ಕಂಪ್ಯೂಟರಿನೊಳಗಿನ ಅಂಗಡಿ ಬಂದ ಮೇಲೆ.

ಆ ಅಂಗಡಿಗೆ ಮುಖವಿಲ್ಲ. ಬಾಗಿಲು ತಟ್ಟಿದರೆ ಒಂದು ಫಾರ್ಮು ಬರುತ್ತದೆ. ನಮ್ಮ ಮೊದಲ ಫಾರ್ಮೇ ಮೂರು ಸಲ ವಾಪಸು ಬಂತು. ಕಾರಣ ಕೇಳಿದರೆ ನೀವು ನಗುತ್ತೀರಿ. ಸುಧಾಕರಣ್ಣನ ಹೆಸರಿನ ಹಿಂದೆ ಎರಡು ಇನಿಶಿಯಲ್. ಬ್ಯಾಂಕಿನವರು ಅದನ್ನು ಬಿಡಿಸಿ ಬರೆದಿದ್ದರು, ಪಾನ್ ಕಾರ್ಡಿನಲ್ಲಿ ತಂದೆಯ ಹೆಸರು ನಡುವೆ ಬಂದಿತ್ತು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಕೊನೆಯ ಹೆಸರಾಗಿ ಕುಳಿತಿತ್ತು. ಕರಾವಳಿಯಲ್ಲಿ ಯಾರ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಉಂಟು ಹೇಳಿ? ಅಂಗಡಿ ಅಮೆರಿಕದ್ದು, ಅಲ್ಲಿನ ತೆರಿಗೆ ಫಾರ್ಮಿಗೆ ಇವರು ಮೂವರು ಬೇರೆ ಬೇರೆ ಗಂಡಸರು. ನಾನು ಬರೆದು ಕೇಳಿದೆ. ಉತ್ತರ ಬಂತು: “ನಿಮ್ಮ ಸಮಸ್ಯೆ ಪರಿಹಾರವಾಗಿದೆ ಎಂದು ಭಾವಿಸುತ್ತೇವೆ.” ಯಾರು ಭಾವಿಸಿದರು? ಯಾವ ಸಮಸ್ಯೆ? ಆ ಉತ್ತರವನ್ನು ಮುದ್ರಿಸಿ ಗೋಡೆಗೆ ಅಂಟಿಸಿದ್ದೆ, ಸಿಟ್ಟು ಬಂದಾಗಲೆಲ್ಲ ನೋಡಲಿಕ್ಕೆ. ನೀವು ಈ ಕೆಲಸಕ್ಕೆ ಬರುವವರಾದರೆ ಮೊದಲು ಧನಿಯ ಹೆಸರನ್ನು ಎಲ್ಲ ಕಾಗದಗಳಲ್ಲೂ ಒಂದೇ ಮಾಡಿಸಿಕೊಳ್ಳಿ. ಗೇಮ್ ಆಮೇಲೆ ಮಾಡಬಹುದು.

ನನ್ನ ಮೂರ್ಖತನವನ್ನೂ ಹೇಳುತ್ತೇನೆ. ಗೇಮನ್ನು ಪುಕ್ಕಟೆ ಕೊಡಬೇಕಾದರೆ ಅಂಗಡಿ ಒಂದು ಉದ್ದದ ಸಂಕೇತ ಕೊಡುತ್ತದೆ, ಅದಕ್ಕೆ ನಾವು ಕೀಲಿ ಎನ್ನುತ್ತೇವೆ. ಪತ್ರಕರ್ತರಿಗೆ, ವಿಡಿಯೋ ಮಾಡುವವರಿಗೆ ಕಳಿಸಲಿಕ್ಕೆ. ನಮ್ಮ ಎರಡನೆಯ ಆಟದ ಸಮಯದಲ್ಲಿ ದೇಶ ದೇಶಗಳಿಂದ ನನಗೆ ಪತ್ರ. “ನಿಮ್ಮ ಅದ್ಭುತ ಆಟದ ಬಗ್ಗೆ ನಮ್ಮ ಲಕ್ಷಾಂತರ ವೀಕ್ಷಕರಿಗೆ ಹೇಳಬೇಕೆಂದಿದ್ದೇವೆ, ದಯವಿಟ್ಟು ಐದು ಕೀಲಿ ಕಳಿಸಿ.” ಒಬ್ಬ ಮನುಷ್ಯ ಒಂದು ಆಟವನ್ನು ಆಡಲು ಐದು ಕೀಲಿ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಸುಧಾಕರಣ್ಣನಂತೂ “ಬ್ರೆಜಿಲ್‌ನವರು ಸಹ ಕೇಳ್ತಾ ಇದ್ದಾರೆ” ಎಂದು ಅಂಬಲಪಾಡಿಯ ತಮ್ಮ ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿದರು. ವಾರದೊಳಗೆ ಆ ಕೀಲಿಗಳೆಲ್ಲ ಬೇರೆ ಕಡೆ ಅಗ್ಗಕ್ಕೆ ಮಾರಾಟಕ್ಕಿದ್ದವು. ಎಲ್ಲ ಕಳ್ಳರು. ಕಳ್ಳರಿಗೆ ಒಂದೊಂದಾಗಿ ಧನ್ಯವಾದ ಬರೆದು ಕಳಿಸಿದವಳು ನಾನು.

ಸುಧಾಕರಣ್ಣ ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿರುವವರಂತೆ ಮಾತಾಡುವುದು, ಅದರಿಂದ ಹಾಳಾದದ್ದಕ್ಕೆ ಇನ್ನೊಬ್ಬರ ಕಡೆ ಬೆರಳು ತೋರಿಸುವುದು, ಇದು ಸಣ್ಣ ದೋಷವಲ್ಲ. ಮುಂದಿನ ಆಟದ ಸಲ, ಅಂಗಡಿಯ ಪುಟದಲ್ಲಿ ಮೊದಲು ಕಾಣುವ ವಿಡಿಯೋದಲ್ಲಿ ಆಟವೇ ಕಾಣಬೇಕು, ಉಸಿರು ಬಿಡುವಷ್ಟರಲ್ಲಿ ಜನ ಮುಂದೆ ಹೋಗುತ್ತಾರೆ ಎಂದು ನಾನು ಬೇಡಿಕೊಂಡರೂ ಅವರು ತಾವು ದೀಪ ಬೆಳಗಿಸಿ ಉದ್ಘಾಟನೆ ಮಾಡಿದ ದೃಶ್ಯವನ್ನೇ ಮೊದಲು ಹಾಕಿಸಿದರು. ಫಿನ್‌ಲ್ಯಾಂಡಿನಲ್ಲಿ ಕುಳಿತವನಿಗೆ ಸುಧಾಕರಣ್ಣನ ಶಾಲು ಕಟ್ಟಿಕೊಂಡು ಏನಾಗಬೇಕು? ಆ ಆಟ ಎರಡು ತಿಂಗಳೂ ಬಾಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದವಳು ಅಶ್ವಿನಿ. ಕಾರ್ಕಳದವಳು, ನಮ್ಮಲ್ಲಿ ಕೆಲಸಕ್ಕೆ ಸೇರಿದಾಗ ಮೂವತ್ತು ದಾಟಿತ್ತು. ಅವಳ ತಂದೆ ಸಂಜೀವಣ್ಣ ಕಾರ್ಕಳ–ಉಡುಪಿ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಅವಳು ಐದು ವರ್ಷ ಕಟ್ಟಿದ ಆಟದ ಹೆಸರು ‘ಹೋಲ್ಡಾನ್’, ನಮ್ಮ ಕಡೆ ಬಸ್ಸು ನಿಲ್ಲಿಸಲಿಕ್ಕೆ ಕಂಡಕ್ಟರ್ ಕೂಗುವ ಮಾತು. ನೀವೇ ಕಂಡಕ್ಟರ್. ಹಿಂದಿನ ಬಸ್ಸು ಬೆನ್ನ ಹಿಂದೆಯೇ ಉಂಟು, ಮುಂದಿನ ಸ್ಟಾಪಿನಲ್ಲಿ ಟೈಮ್ ಕೀಪರ್ ವಾಚು ಹಿಡಿದು ನಿಂತಿದ್ದಾನೆ, ಎರಡು ನಿಮಿಷ ತಡವಾದರೆ ಜಗಳ, ಎರಡು ನಿಮಿಷ ಬೇಗ ಹೋದರೆ ಇನ್ನೂ ದೊಡ್ಡ ಜಗಳ. ಇಳಿಯುವ ಅಜ್ಜಿಯನ್ನು ಅವಸರಪಡಿಸುವಂತಿಲ್ಲ, ಓಡಿ ಬರುವವನನ್ನು ಬಿಟ್ಟು ಹೋಗುವಂತಿಲ್ಲ. ಪ್ರತಿ ಸ್ಟಾಪಿನ ಹೆಸರನ್ನು ಕೂಗುವ ಧ್ವನಿ ಸಂಜೀವಣ್ಣನದೇ. ಪ್ರತಿಧ್ವನಿ ಬಾರದಂತೆ ಹಾಸಿಗೆ ಬಟ್ಟೆಗಳನ್ನು ಗೋಡೆಗೆ ಕಟ್ಟಿ, ಅಪ್ಪನನ್ನು ಕೋಣೆಯಲ್ಲಿ ನಿಲ್ಲಿಸಿ ಮೂರು ವಾರ ರೆಕಾರ್ಡ್ ಮಾಡಿದ್ದಳು. ನಾನು ಗೇಮ್ ಆಡುವವಳಲ್ಲ. ಈ ಒಂದನ್ನು ಮಾತ್ರ ಊಟದ ಹೊತ್ತಿನಲ್ಲಿ ಆಡುತ್ತಿದ್ದೆ.

ಅಂಗಡಿಯಲ್ಲಿ ‘ಹೋಲ್ಡಾನ್’ ಪುಟ ಹಾಕಿದ ಮೇಲೆ, ಬಿಡುಗಡೆಯಾದಾಗ ತಿಳಿಸಿ ಎಂದು ಗುರುತು ಮಾಡಿದವರ ಪಟ್ಟಿ ಬೆಳೆಯಿತು. ನಮ್ಮ ಯಾವ ಆಟಕ್ಕೂ ಅಷ್ಟು ಜನ ಕಾದಿರಲಿಲ್ಲ. ಜರ್ಮನಿಯ ಒಂದು ಪ್ರಕಾಶನ ಸಂಸ್ಥೆಯವರು ಅಶ್ವಿನಿಗೆ ನೇರವಾಗಿ ಬರೆದರು: ಮೊದಲ ವಾರ ಹೇಗೆ ಹೋಗುತ್ತದೆಂದು ನೋಡುತ್ತೇವೆ, ಚೆನ್ನಾಗಿ ಹೋದರೆ ನಿಮ್ಮ ಮುಂದಿನ ಆಟವನ್ನು ನಿಮ್ಮ ಹೆಸರಿನಲ್ಲೇ ನಾವು ತರುತ್ತೇವೆ. ಅವಳು ಅದನ್ನು ನನಗೆ ಮಾತ್ರ ತೋರಿಸಿದಳು.

“ಝುಬೈದಾಕ್ಕ, ಮೊದಲ ವಾರ ಒಂದು ಸರಿ ಹೋದ್ರೆ ಸಾಕು. ಆಮೇಲೆ ನಾನೇ ನನ್ನ ಧನಿ.”

“ಹೋಗ್ತದೆ ಮಾರಾಯ್ತಿ, ನಾನಿಲ್ವಾ?” ಎಂದೆ. ಹೌದು, ಹಾಗೆಂದೇ ಹೇಳಿದೆ.

ಈಗ ಸ್ವಲ್ಪ ಕೆಲಸದ ವಿವರ ಹೇಳಬೇಕು, ಕೇಳಿಸಿಕೊಳ್ಳಿ. ಅಂಗಡಿಯ ಹಿಂಬದಿಯಲ್ಲಿ ನಮ್ಮ ಆಟ ಒಂದೇ ಗಂಟಾಗಿ ಇರುವುದಿಲ್ಲ, ಪೆಟ್ಟಿಗೆ ಪೆಟ್ಟಿಗೆಯಾಗಿ ಇರುತ್ತದೆ. ಚಿತ್ರಗಳು ಒಂದರಲ್ಲಿ, ಧ್ವನಿ ಇನ್ನೊಂದರಲ್ಲಿ. ಯಾರಿಗೆ ಯಾವ ಪೆಟ್ಟಿಗೆ ಹೋಗಬೇಕೆಂಬುದಕ್ಕೆ ಎರಡು ಪಟ್ಟಿ. ಒಂದು ಆಟ ಮಾಡುವ ನಮ್ಮಂಥವರದು, ಇನ್ನೊಂದು ಗಿರಾಕಿಗಳದು. ಹೊಸ ಪೆಟ್ಟಿಗೆ ಮಾಡಿದರೆ ಎರಡು ಪಟ್ಟಿಗೂ ಸೇರಿಸಬೇಕು. ನಮ್ಮ ಪಟ್ಟಿಗೆ ಮಾತ್ರ ಸೇರಿಸಿ ಗಿರಾಕಿಯದಕ್ಕೆ ಮರೆತರೆ, ಆಫೀಸಿನ ಎಲ್ಲ ಕಂಪ್ಯೂಟರಿನಲ್ಲೂ ಆಟ ಚಂದ ಓಡುತ್ತದೆ. ಲೋಕದಲ್ಲಿ ಬೇರೆಲ್ಲೂ ಓಡುವುದಿಲ್ಲ. ಮನೆಯವರಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತದೆ, ಹೊರಗಿನವನಿಗೆ ಬೀಗ ಬಿದ್ದದ್ದು ನಮಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ ನನ್ನದೊಂದು ಕಟ್ಟಳೆ ಇತ್ತು. ಕಂಪೆನಿಗೆ ಸಂಬಂಧವಿಲ್ಲದ ಒಂದು ಖಾತೆ, ಒಂದು ಹಳೆಯ ಲ್ಯಾಪ್‌ಟಾಪು. ಬಿಡುಗಡೆಗೆ ಮುಂಚೆ ಅದರಲ್ಲಿ ಗಿರಾಕಿಯಂತೆ ಇಳಿಸಿ, ಕಡೆಯ ಪಕ್ಷ ಹತ್ತು ನಿಮಿಷ ಆಡಿ ನೋಡುವುದು. ಇದನ್ನು ತಪ್ಪಿಸಿದವರನ್ನು ನಾನು ಹುರಿದು ಮುಕ್ಕುತ್ತಿದ್ದೆ.

ಬಿಡುಗಡೆಯ ಮುನ್ನಾದಿನ ಅಶ್ವಿನಿ ಧ್ವನಿಯ ಪೆಟ್ಟಿಗೆಯನ್ನು ಹೊಸದಾಗಿ ಬೇರೆ ಮಾಡಿದಳು. ನನಗೆ ಸಂದೇಶ ಕಳಿಸಿದಳು: “ಹೊಸ ಪೆಟ್ಟಿಗೆ ಮಾಡಿದ್ದೇನೆ, ಎರಡೂ ಪಟ್ಟಿಗೆ ಸೇರಿಸಿ ಅಕ್ಕ.” ಗಿರಾಕಿಗಳ ಪಟ್ಟಿ ತೆರೆಯುವ ಅಧಿಕಾರ ನನಗೆ ಮತ್ತು ಸುಧಾಕರಣ್ಣನಿಗೆ ಮಾತ್ರ ಇತ್ತು. ನಾನು ನಮ್ಮ ಪಟ್ಟಿಗೆ ಸೇರಿಸಿದೆ. ಅಷ್ಟರಲ್ಲಿ ಯಾರೋ ಕರೆದರು. ಯಾರು, ಯಾಕೆ ಎಂಬುದೂ ಈಗ ನೆನಪಿಲ್ಲ. ಎದ್ದು ಹೋದೆ.

ಬಿಡುಗಡೆಯನ್ನು ಮರುದಿನ ಸಂಜೆ ಆರೂವರೆಗೆ ಇಟ್ಟಿದ್ದೆ. ಆ ಹೊತ್ತಿಗೆ ಯೂರೋಪಿನಲ್ಲಿ ಮಧ್ಯಾಹ್ನ, ಅಮೆರಿಕದಲ್ಲಿ ಬೆಳಿಗ್ಗೆ. ಕಾದವರಿಗೆಲ್ಲ ಅಂಗಡಿ ಕಳಿಸುವ ಸಂದೇಶ ಒಮ್ಮೆ ಮಾತ್ರ ಹೋಗುತ್ತದೆ, ಹೋಗುವಾಗ ಅವರು ಎದ್ದಿರಬೇಕು. ಹೊಸ ಆಟಗಳ ಸಾಲಿನಲ್ಲಿ ನಮ್ಮದು ಮೇಲಿರುವುದೂ ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಬೇರೆಯವರು ಬಂದು ಕೆಳಗೆ ತಳ್ಳುತ್ತಾರೆ. ಗಿರಾಕಿಯಂತೆ ಆಡಿ ನೋಡುವ ನನ್ನ ಪರೀಕ್ಷೆಯನ್ನು ಮಧ್ಯಾಹ್ನ ಮಾಡಿದರೆ ಸಾಕು ಎಂದುಕೊಂಡಿದ್ದೆ.

ಬೆಳಿಗ್ಗೆ ಒಂಬತ್ತೂಕಾಲಿಗೆ ಸುಧಾಕರಣ್ಣ ಬಂದರು. ಕೈಯಲ್ಲಿ ಸ್ವೀಟ್ ಬಾಕ್ಸು.

“ಹತ್ತು ಇಪ್ಪತ್ತಕ್ಕೆ ಬಿಡುಗಡೆ. ಕಟಪಾಡಿಯ ಜೋಯಿಸರ ಹತ್ರ ಮುಹೂರ್ತ ಕೇಳಿದ್ದೇನೆ.”

ಅಶ್ವಿನಿ ಕುರ್ಚಿಯಿಂದ ಎದ್ದಳು. “ಸರ್, ಈಗ ಬಿಟ್ರೆ ಯಾರು ನೋಡ್ತಾರೆ? ಅಮೆರಿಕದವರು ಮಲಗ್ಲಿಕ್ಕೆ ಹೊರಟಿದ್ದಾರೆ, ಯೂರೋಪಿನವರು ಇನ್ನೂ ಏಳ್ಲಿಲ್ಲ.”

“ಎದ್ದ ಮೇಲೆ ನೋಡ್ತಾರಲ್ಲ. ಅಂಗಡಿ ಓಡಿ ಹೋಗ್ತದಾ? ಒಳ್ಳೆ ಕೆಲಸಕ್ಕೆ ಒಳ್ಳೆ ಗಳಿಗೆ ಬೇಡ್ವಾ? ಝುಬೈದಾಕ್ಕ, ನೀವೇ ಹೇಳಿ.”

ನನ್ನನ್ನೇ ಕೇಳಿದರು. ಹೇಳಲಿಕ್ಕೆ ನನ್ನಲ್ಲಿ ಎರಡು ಮಾತಿತ್ತು. ಒಂದು, ಹೊತ್ತು ತಪ್ಪು. ಎರಡು, ಪರೀಕ್ಷೆ ಆಗಿಲ್ಲ. ಮೊದಲನೆಯದನ್ನು ಹೇಳಲಿಕ್ಕೆ ನನಗೆ ಅಂಜಿಕೆ. ಮುಹೂರ್ತದ ವಿಷಯಕ್ಕೆ ಮುಸ್ಲಿಮಳಾದ ಬ್ಯಾರಿ ಹೆಂಗಸು ಬಾಯಿ ಹಾಕಿದಳು ಎಂದು ಯಾರಾದರೂ ಅಂದರೆ? ಅಷ್ಟು ವರ್ಷ ಯಾರೂ ಅಂದಿರಲಿಲ್ಲ, ಅನ್ನುವ ಸಂದರ್ಭವನ್ನು ನಾನೂ ತಂದುಕೊಂಡಿರಲಿಲ್ಲ. ಈ ಅಂಜಿಕೆಯನ್ನು ನೀವು ಅರ್ಥ ಮಾಡಿಕೊಳ್ಳಬಹುದು. ಆದರೆ ಎರಡನೆಯ ಮಾತಿಗೂ ಮುಹೂರ್ತಕ್ಕೂ ಏನು ಸಂಬಂಧ? ‘ಪರೀಕ್ಷೆ ಆಗಿಲ್ಲ, ಒಂದು ಗಂಟೆ ಕೊಡಿ’ ಎನ್ನಲಿಕ್ಕೆ ಯಾವ ಜಾತಿಯೂ ಅಡ್ಡ ಬರುವುದಿಲ್ಲ. ಅದನ್ನೂ ಹೇಳಲಿಲ್ಲ. ಹೇಳಿದರೆ, ನಿನ್ನೆಯೇ ಯಾಕೆ ಮಾಡಲಿಲ್ಲ ಎಂದು ಎಲ್ಲರ ಮುಂದೆ ಕೇಳುತ್ತಾರೆ. ಊರಿಗೆಲ್ಲ ಬೈಯುವ ಝುಬೈದಾಕ್ಕನನ್ನು ಕೇಳುತ್ತಾರೆ.

“ನಿಮಗೆ ಬಿಟ್ಟದ್ದು” ಎಂದೆ.

ಹತ್ತು ಇಪ್ಪತ್ತಕ್ಕೆ ಸರಿಯಾಗಿ ಸುಧಾಕರಣ್ಣ ಬಟನ್ ಒತ್ತಿದರು. ದೊಡ್ಡ ಪರದೆಯಲ್ಲಿ ಆಟ ಹಾಕಿದರು. ಬಸ್ಸು ಕಾರ್ಕಳ ಸ್ಟ್ಯಾಂಡ್ ಬಿಟ್ಟಿತು, ಮೊದಲ ಸ್ಟಾಪು ಬಂತು, ಸಂಜೀವಣ್ಣನ ಧ್ವನಿ ಹಾಲ್ ತುಂಬ ಮೊಳಗಿತು. ಎಲ್ಲರೂ ಚಪ್ಪಾಳೆ ಹೊಡೆದರು. ಫೋಟೋ ಆಯಿತು. ಸ್ವೀಟ್ ಹಂಚಿದರು. ಸುಧಾಕರಣ್ಣ ಎಲ್ಲರನ್ನೂ ಕರೆದುಕೊಂಡು ಉಡುಪಿಗೆ ಊಟಕ್ಕೆ ಹೊರಟರು. ಅಶ್ವಿನಿ ಬರುವುದಿಲ್ಲ ಎಂದಳು. ನಾನೂ ಉಳಿದೆ.

ಮೊದಲ ರಿವ್ಯೂ ಬಂತು. ಹೆಬ್ಬೆರಳು ಕೆಳಗೆ. “ಬಸ್ಸು ಹೊರಟಿತು, ಮೊದಲ ಸ್ಟಾಪಿನಲ್ಲಿ ಆಟ ಮುಚ್ಚಿಹೋಯಿತು. ಸದ್ದೇ ಇಲ್ಲ.” ಎರಡನೆಯದೂ ಅದೇ. ಮೂರನೆಯವನು ನಮ್ಮ ಊರಿನವನೇ, ಕನ್ನಡದಲ್ಲೇ ಬರೆದಿದ್ದ: “ನಮ್ಮೂರ ಬಸ್ಸು ಎಂದು ಆಸೆಯಿಂದ ತೆಗೆದುಕೊಂಡೆ, ನಾಚಿಕೆಯಾಯಿತು.” ರಿಫಂಡಿಗೆ ಅರ್ಜಿಗಳು ಶುರುವಾದವು. ಈ ಅಂಗಡಿಯಲ್ಲಿ ಮೊದಲ ಕೆಲವು ರಿವ್ಯೂಗಳು ಬಿದ್ದ ಕೂಡಲೇ ಆಟದ ಹೆಸರಿನ ಕೆಳಗೆ ಒಂದು ತೀರ್ಪು ಅಂಟಿಕೊಳ್ಳುತ್ತದೆ. ನಂತರ ಬಂದವನು ಆಟವನ್ನು ನೋಡುವುದಿಲ್ಲ, ಆ ತೀರ್ಪನ್ನು ನೋಡಿ ಹೋಗುತ್ತಾನೆ.

ಅಶ್ವಿನಿ ತನ್ನ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಓಡಿಸಿ ನೋಡಿದಳು. “ನನ್ನಲ್ಲಿ ಓಡ್ತಾ ಉಂಟಲ್ಲ ಝುಬೈದಾಕ್ಕ! ಎಲ್ಲರಲ್ಲೂ ಓಡ್ತಾ ಉಂಟು! ಅವರಿಗೆ ಮಾತ್ರ ಎಂತ ಆಗ್ತಾ ಉಂಟು?” ಅವಳು ತನ್ನ ಕೋಡಿನ ಸಾಲು ಸಾಲು ಹುಡುಕತೊಡಗಿದಳು.

ನಮ್ಮಲ್ಲಿ ಓಡುತ್ತದೆ, ಹೊರಗೆ ಓಡುವುದಿಲ್ಲ ಎಂದಾಗಲೇ ನನಗೆ ಗೊತ್ತಾಯಿತು. ಹಳೆಯ ಲ್ಯಾಪ್‌ಟಾಪ್ ತೆರೆದು ನೋಡಿದೆ. ಬಸ್ಸು ಮೂಕವಾಗಿ ಹೊರಟು ಮೊದಲ ಸ್ಟಾಪಿನಲ್ಲಿ ಸತ್ತಿತು. ಗಿರಾಕಿಗಳ ಪಟ್ಟಿ ತೆಗೆದೆ. ಧ್ವನಿಯ ಪೆಟ್ಟಿಗೆಯ ಎದುರಿನ ಚೌಕ ಖಾಲಿ. ಗುರುತು ಹಾಕಿದೆ. ಒಂದು ಕ್ಷಣದ ಕೆಲಸ. ಕೆಲವು ನಿಮಿಷಗಳಲ್ಲಿ ಆಟ ಎಲ್ಲ ಕಡೆ ಓಡತೊಡಗಿತು. ಆದರೆ ಅಷ್ಟರಲ್ಲಿ ತೀರ್ಪು ಅಂಟಿಯಾಗಿತ್ತು.

“ಸರಿ ಆಯ್ತು ನೋಡು” ಎಂದೆ.

“ಎಂತ ಆಗಿತ್ತು?”

“ಅಂಗಡಿಯವರ ಕಡೆಯಲ್ಲಿ ಏನೋ ತೊಂದರೆ.”

ಅವಳು ನನ್ನ ಮುಖ ನೋಡಿದಳು. “ಆ ಪೆಟ್ಟಿಗೆ ಎರಡೂ ಪಟ್ಟಿಗೆ ಸೇರಿಸಿದ್ರಲ್ಲ ಅಕ್ಕ?”

“ಸೇರಿಸಿದ್ದೆ.”

ನಂಬಿದಳು. ನನ್ನನ್ನು ನಂಬದೆ ಇನ್ನು ಯಾರನ್ನು ನಂಬಬೇಕಿತ್ತು? ಪಾಪದ ಹುಡುಗಿ, ಆಟದ ಪುಟದಲ್ಲಿ ತನ್ನ ಹೆಸರಿನಲ್ಲಿ ಬರೆದಳು: ಅಂಗಡಿಯ ಕಡೆಯ ತೊಂದರೆಯಿಂದ ಹೀಗಾಯಿತು, ಈಗ ಸರಿಯಾಗಿದೆ, ಕ್ಷಮಿಸಿ.

ಇಷ್ಟು ವರ್ಷ ನನ್ನ ಒಂದು ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಡದ ಅಂಗಡಿ ಆ ದಿನ ಸಂಜೆಯೊಳಗೆ ಉತ್ತರ ಕೊಟ್ಟಿತು! ತಮ್ಮ ಕಡೆ ಯಾವ ದೋಷವೂ ಇರಲಿಲ್ಲ, ಹೇಳಿಕೆಯನ್ನು ತೆಗೆಯಿರಿ ಎಂದು ಕಂಪೆನಿಗೆ ಬರೆದರು. ಸುಧಾಕರಣ್ಣ ಬೆವರಿದರು. ಅಂಗಡಿಯವರು ಮುನಿದರೆ ಉಳಿದ ಆಟಗಳ ಗತಿಯೇನು ಎಂಬ ಹೆದರಿಕೆ. ಅಶ್ವಿನಿಯ ಬರಹ ಅಳಿಸಿ, ಕಂಪೆನಿಯ ಹೆಸರಿನಲ್ಲಿ ತಾವೇ ಬರೆದರು: ಡೆವಲಪರ್‌ನ ಅಜಾಗರೂಕತೆಯಿಂದ ಆದ ತಪ್ಪು, ಅದನ್ನು ಮುಚ್ಚಿಡಲು ಅವರು ಅಂಗಡಿಯನ್ನು ದೂರಿದ್ದಕ್ಕೆ ವಿಷಾದಿಸುತ್ತೇವೆ. ಹೆಸರು ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಆಟದ ಪುಟದಲ್ಲಿ ಡೆವಲಪರ್ ಎಂದು ಇದ್ದದ್ದು ಒಬ್ಬಳದೇ ಹೆಸರು.

ಮರುದಿನದ ಮೀಟಿಂಗಿನಲ್ಲಿ ಅವಳು ಎದ್ದು ನಿಂತು ಹೇಳಿದಳು, “ಸರ್, ನನ್ನ ಕೋಡಿನಲ್ಲಿ ತಪ್ಪಿಲ್ಲ. ಹಿಂಬದಿಯ ದಾಖಲೆ ತೆಗೆದು ನೋಡಿ, ಯಾರು ಯಾವಾಗ ಎಂತ ಬದಲಾಯಿಸಿದ್ದು ಅಂತ ಎಲ್ಲ ಉಂಟು ಅದರಲ್ಲಿ.”

ಉಂಟು. ಎಲ್ಲ ಉಂಟು. ಬಿಡುಗಡೆಯ ದಿನ ಮಧ್ಯಾಹ್ನ ಹನ್ನೆರಡು ಗಂಟೆ ದಾಟಿದ ಮೇಲೆ ಆ ಚೌಕದಲ್ಲಿ ಗುರುತು ಹಾಕಿದವರು ಯಾರೆಂದು ನನ್ನ ಹೆಸರಿನ ಸಮೇತ ಉಂಟು.

“ಝುಬೈದಾಕ್ಕ ನೋಡಿದ್ದಾರೆ” ಎಂದರು ಸುಧಾಕರಣ್ಣ. “ಅಲ್ವಾ ಝುಬೈದಾಕ್ಕ?”

ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಹೇಸಿಗೆಯ ಸಮಾಧಾನ!

ಅದೇ ವಾರ ಜರ್ಮನಿಯವರು ಅಶ್ವಿನಿಗೆ ಎರಡು ಸಾಲು ಬರೆದರು. ತಪ್ಪು ಎಲ್ಲರಿಂದಲೂ ಆಗುತ್ತದೆ, ಆದರೆ ತಪ್ಪನ್ನು ಬೇರೆಯವರ ಮೇಲೆ ಹಾಕುವವರ ಜೊತೆ ಕೆಲಸ ಮಾಡುವುದು ನಮಗೆ ಕಷ್ಟ. ತಿಂಗಳ ಕೊನೆಗೆ ಅವಳು ಕೆಲಸ ಬಿಟ್ಟಳು. ಈಗ ಬಸ್ಸಿನ ಟಿಕೆಟ್ ಮೆಷೀನಿಗೆ ಪ್ರೋಗ್ರಾಮ್ ಬರೆಯುವ ಕಡೆ ಇದ್ದಾಳೆ. ಇನ್ನೊಂದು ಆಟ ಮಾಡಲಿಲ್ಲ.

ಮುಹೂರ್ತದ ಕತೆಯನ್ನೂ ಮುಗಿಸಿಬಿಡುತ್ತೇನೆ. ಕೆಲವು ತಿಂಗಳ ನಂತರ ಕಟಪಾಡಿಯಲ್ಲಿ ಬಸ್ಸಿಗೆ ಕಾಯುವಾಗ ಆ ಜೋಯಿಸರೇ ಸಿಕ್ಕಿದರು. ನನ್ನ ಅಣ್ಣನ ಅಂಗಡಿಯ ಹಳೆಯ ಗಿರಾಕಿ. ಮಾತಿಗೆ ಮಾತು ಬಂದು, ನೀವು ಕೊಟ್ಟ ಗಳಿಗೆ ನಮ್ಮನ್ನು ಮುಳುಗಿಸಿತು ಎಂದು ಸ್ವಲ್ಪ ಚುಚ್ಚಿದೆ. ಅವರು ಬೆರಗಾದರು.

“ನಿಮ್ಮ ಧನಿ ಹೊಸ ಅಂಗಡಿಯ ವ್ಯಾಪಾರ ಅಂತ ಹೇಳಿದ್ರು. ಗಿರಾಕಿಗಳು ಬರುವ ಹೊತ್ತು ಯಾವುದು ಅಂತ ನಾನೇ ಕೇಳಿದೆ ಮಾರಾಯ್ರೆ. ಅದೆಲ್ಲ ಬೇಡ, ಬೆಳಿಗ್ಗೆಯದ್ದೇ ಕೊಡಿ, ಮಧ್ಯಾಹ್ನ ಊಟಕ್ಕೆ ಹೇಳಿ ಆಗಿದೆ ಅಂದ್ರು. ಆ ದಿನ ಸಂಜೆ ಸಹ ಒಳ್ಳೆ ಗಳಿಗೆ ಇತ್ತು.”

ಇಡೀ ವ್ಯವಹಾರದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಜೋಯಿಸರೊಬ್ಬರೇ! ಬಸ್ಸಿನಲ್ಲಿ ಕುಳಿತ ಮೇಲೆ ಸುಧಾಕರಣ್ಣನಿಗೆ ಮನಸ್ಸಿನಲ್ಲೇ ಬೈದೆ, ಕಾಪು ಬರುವವರೆಗೂ ಬೈದೆ. ಅವರಿಗೆ ಬೈಯುವಾಗ ನನ್ನದು ಮರೆಯುತ್ತಿತ್ತು. ಅಷ್ಟೂ ವರ್ಷ ಅದಕ್ಕೇ ಬೈಯುತ್ತಿದ್ದೆನೋ ಏನೋ.

ಈಗ ಕೆಲಸದ ಕ್ರಮ ಬದಲಾಗಿದೆ. ಪೆಟ್ಟಿಗೆ ಪಟ್ಟಿಯಲ್ಲಿಲ್ಲದಿದ್ದರೆ ಈಗ ನಮ್ಮ ಕಂಪೆನಿಯವರೇ ಬರೆದ ಪ್ರೋಗ್ರಾಮು ಕೆಂಪು ಗೆರೆ ತೋರಿಸುತ್ತದೆ. ನನ್ನ ನಂತರ ಬಂದವರು ಅದನ್ನು ನನಗೆ ಹೆಮ್ಮೆಯಿಂದ ತೋರಿಸಿದರು, “ಇನ್ನು ಈ ತಪ್ಪು ಯಾರಿಗೂ ಆಗುದಿಲ್ಲ ಝುಬೈದಾಕ್ಕ” ಎಂದು. ಕೆಂಪು ಗೆರೆ ಬೇಕಾದದ್ದು ಪಟ್ಟಿಗಲ್ಲ, ನನ್ನ ಬಾಯಿಗೆ ಎಂದು ಅವರಿಗೆ ಹೇಳಲಿಲ್ಲ.

ನಿವೃತ್ತಿಯ ದಿನ ಶಾಲು ಹೊದೆಸುವ ಕಾರ್ಯಕ್ರಮಕ್ಕೆ ಇನ್ನೂ ಒಂದು ಗಂಟೆ ಇತ್ತು. ನನ್ನ ಲಾಗಿನ್ ಇನ್ನೂ ಜೀವಂತವಾಗಿತ್ತು. ‘ಹೋಲ್ಡಾನ್’ ಪುಟ ತೆರೆದು, ಕೊಂಡವರಿಗೆಲ್ಲ ಹೋಗುವ ಪ್ರಕಟಣೆಯ ಜಾಗದಲ್ಲಿ ಬರೆದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: ಬಿಡುಗಡೆಯ ದಿನದ ತಪ್ಪು ಅಶ್ವಿನಿಯದಲ್ಲ. ಅವಳು ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವಳು ನಾನು. ಅಂಗಡಿಯ ತಪ್ಪೆಂದು ಅವಳಿಗೆ ಸುಳ್ಳು ಹೇಳಿದವಳೂ ನಾನು. ಕೆಳಗೆ ನನ್ನ ಹೆಸರು ಹಾಕಿದೆ.

ಸುಧಾಕರಣ್ಣ ಕೈಯಲ್ಲಿ ಶಾಲು ಹಿಡಿದುಕೊಂಡೇ ಬಂದರು. “ನಿಮಗೆ ಮರ್ಲ್ ಉಂಟಾ, ತಲೆ ಸರಿ ಇಲ್ವಾ? ನಾಲ್ಕು ವರ್ಷ ಹಿಂದಿನ ಕತೆ, ಈಗ ಯಾರು ಕೇಳಿದ್ರು ನಿಮ್ಮನ್ನು?” ಅರ್ಧ ಗಂಟೆಯಲ್ಲಿ ಅದನ್ನು ಅಳಿಸಿ ಹಾಕಿಸಿದರು. ಆಮೇಲೆ ಅದೇ ಶಾಲನ್ನು ನನಗೆ ಹೊದೆಸಿ, ಇಪ್ಪತ್ತೊಂದು ವರ್ಷದಲ್ಲಿ ಒಂದು ತಪ್ಪನ್ನೂ ಮಾಡದವರು ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ಹೊಡೆದರು.

ಮನೆಗೆ ಬಂದು ಅಶ್ವಿನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

“ನಂಗೆ ಹೇಳಿ ಎಂತ ಪ್ರಯೋಜನ ಅಕ್ಕ? ನಾನು ಮಾಡ್ಲಿಲ್ಲ ಅಂತ ನಂಗೆ ಮೊದಲೇ ಗೊತ್ತುಂಟು. ಅಪ್ಪನಿಗೆ ಬಂದು ಹೇಳಿ.”

ಮರುದಿನ ಬೆಳಿಗ್ಗೆ ಶಿರ್ವ ದಾರಿಯ ಬಸ್ಸು ಹಿಡಿದು ಕಾರ್ಕಳಕ್ಕೆ ಹೋದೆ. ಸಂಜೀವಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು. ಕುರ್ಚಿ ಎಳೆದು ಕೊಟ್ಟರು. ಎಳನೀರಿಗೆ ಬೊಂಡ ಕೆತ್ತಿಸಲೇ ಎಂದು ಕೇಳಿದರು. ನಾನು ಬೇಡವೆಂದು, ನಿಂತುಕೊಂಡೇ ಹೇಳಿದೆ. ಪೆಟ್ಟಿಗೆ, ಪಟ್ಟಿ ಎಂದೆಲ್ಲ ವಿವರಿಸಲು ಹೊರಟಾಗ ಅವರು ಕೈ ಎತ್ತಿ ನಿಲ್ಲಿಸಿದರು.

“ಒಟ್ಟು ಅವಳು ಮಾಡಿದ್ದಲ್ಲ.”

“ಅಲ್ಲ.”

“ನೀವು.”

“ಹೌದು, ನಾನು.”

ಅವರು ಪೇಪರನ್ನು ನಿಧಾನವಾಗಿ ಮಡಚಿದರು. ಅಶ್ವಿನಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವರು ಅವಳ ಕಡೆ ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದರು.

“ಅವಳು ಅಂದೇ ಹೇಳಿದ್ಳು. ಅಪ್ಪ, ನಾನಲ್ಲ ಅಂತ. ಅಳ್ತಾ ಹೇಳಿದ್ಳು. ನಾನು ಎಂತ ಹೇಳಿದೆ ಗೊತ್ತುಂಟಾ? ಇಡೀ ಆಫೀಸು ನೀನೇ ಅಂತ ಹೇಳ್ತದೆ, ಝುಬೈದಾಕ್ಕನಂಥವರು ಸಹ ಸುಮ್ಮನಿದ್ದಾರೆ ಅಂದ್ರೆ ನಿನ್ನದೇ ತಪ್ಪು ಇರ್ಬೇಕು, ಒಪ್ಪಿಕೋ, ಸುಳ್ಳು ಹೇಳ್ಬೇಡ ಅಂತ. ಸುಳ್ಳು ಹೇಳ್ಬೇಡ ಅಂತ ಹೇಳಿದೆ ನಾನು, ನನ್ನ ಮಗಳಿಗೆ.”

ಅಶ್ವಿನಿ ಒಳಗೆ ಹೋದಳು. ಸಂಜೀವಣ್ಣ ಎದ್ದು, ಚಪ್ಪಲಿ ಕಳಚಿ, ಅವಳ ಹಿಂದೆಯೇ ಒಳಗೆ ಹೋದರು. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಒಳಗಿನಿಂದ ಅವರ ಧ್ವನಿ ಕೇಳುತ್ತಿತ್ತು, ಅವಳದು ಕೇಳುತ್ತಿರಲಿಲ್ಲ. ಗೇಟು ನಾನೇ ಹಾಕಿಕೊಂಡು ಬಂದೆ.